ಹಾಲಿನ ಡೈರಿಗೊಂದು ಆ್ಯಪ್: ಎಲ್ಲರ ಫೋನಿನಲ್ಲೂ ಓಡಬೇಕು, ಯಾವುದರಲ್ಲಿ ಬರೆಯಲಿ?

ಶರಾವತಿ ಕಡೆಯವನು

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹಾಲಿನ ಸಂಘಕ್ಕೆ ಒಂದು ಆ್ಯಪ್ ಮಾಡಿಕೊಡಲು ಒಪ್ಪಿಕೊಂಡಿದ್ದೇನೆ. ದುಡ್ಡಿಗಲ್ಲ, ಊರಿನ ಕೆಲಸ ಅಂತ. ನಾನು ದಿನಾ ಮಾಡುವುದು ಜಾವಾ ಬ್ಯಾಕೆಂಡ್ ಕೆಲಸ, ಅಂದರೆ ಸರ್ವರ್ ಕಡೆಯದು. ಮೊಬೈಲ್ ಕಡೆಗೆ ಹೊಸಬ.

ವಿಷಯ ಇಷ್ಟು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಜನ ಹಾಲು ಹಾಕಲು ಬರುತ್ತಾರೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ನೋಡಿ ಬರೆದುಕೊಳ್ಳಬೇಕು. ಕೈಗೆ ಚೀಟಿ ಕೊಡಬೇಕು. ಬಟವಾಡೆ ದಿನ ಒಟ್ಟು ಲೆಕ್ಕ ಬರಬೇಕು. ಕೌಂಟರಿನಲ್ಲಿ ಕೂರುವ ಹುಡುಗನ ಹತ್ತಿರ 2 ಜಿಬಿ ರ‍್ಯಾಮಿನ ಹಳೇ ಆಂಡ್ರಾಯ್ಡ್ ಫೋನ್ ಇದೆ. ಕಾರ್ಯದರ್ಶಿಗಳ ಹತ್ತಿರ ಒಂದು ಟ್ಯಾಬ್, ಆಫೀಸಿನಲ್ಲಿ ವಿಂಡೋಸ್ 7 ಇರುವ ಕಂಪ್ಯೂಟರ್. ಸದಸ್ಯರಲ್ಲಿ ಎಲ್ಲ ಥರದವರೂ ಇದ್ದಾರೆ. ಕೀಪ್ಯಾಡ್ ಫೋನಿನವರು, ಆಂಡ್ರಾಯ್ಡ್‌ನವರು, ಬೆಂಗಳೂರಿನಲ್ಲಿರುವ ಮಗನ ಐಫೋನಿನಲ್ಲಿ ಲೆಕ್ಕ ನೋಡಿಸಿಕೊಳ್ಳುವವರು. ಡೈರಿ ಕಟ್ಟಡದಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಳೆಗಾಲದಲ್ಲಿ ಕರೆಂಟೂ ಅಷ್ಟೇ.

ಫ್ಲಟರ್, ರಿಯಾಕ್ಟ್ ನೇಟಿವ್, ಕೋಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್ ಮೂರರ ಹೆಸರೂ ಕೇಳಿದ್ದೇನೆ, ಒಂದೇ ಕೋಡಿನಿಂದ ಬೇರೆಬೇರೆ ಫೋನಿಗೆ ಆ್ಯಪ್ ಮಾಡುವ ಸಾಧನಗಳು ಅಂತ. ಒಂದೇ ಸಲ ಬರೆದು ಎಲ್ಲ ಕಡೆ ಓಡಿಸುವ ಆಸೆ. ಎಲ್ಲವೂ ಕನ್ನಡದಲ್ಲೇ ಇರಬೇಕು ಅನ್ನುವುದು ಮಾತ್ರ ಗಟ್ಟಿ. ಯಾವುದನ್ನು ಹಿಡಿಯಲಿ?

ಬೈಟು ಕಾಫಿ

ಒಬ್ಬರೇ ಮಾಡುವ ಕೆಲಸ ಅಂದರೆ ರಿಯಾಕ್ಟ್ ನೇಟಿವ್ ನೋಡಿ. 2015ರಲ್ಲಿ ಫೇಸ್‌ಬುಕ್ ಬಿಟ್ಟಿದ್ದು, ಸಾಕಷ್ಟು ಪಳಗಿದೆ. ಮೊದಲು ಜಾವಾಸ್ಕ್ರಿಪ್ಟ್‌ಗೂ ಫೋನಿಗೂ ನಡುವೆ ಒಂದು ಬ್ರಿಡ್ಜ್ ಇತ್ತು. ಪ್ರತಿ ಮಾತೂ ಜೇಸನ್ ಅನ್ನುವ ಪಠ್ಯರೂಪಕ್ಕೆ ತಿರುಗಿ ಅದರ ಮೇಲೆ ಓಡಾಡುತ್ತಿತ್ತು. ಉದ್ದ ಪಟ್ಟಿ ಸ್ಕ್ರೋಲ್ ಮಾಡಿದರೆ ಜಗ್ಗುತ್ತಿತ್ತು. 0.76 ವರ್ಶನ್‌ನಿಂದ ಹೊಸ ಆರ್ಕಿಟೆಕ್ಚರ್ (ಒಳಗಿನ ರಚನೆ) ಡೀಫಾಲ್ಟ್ ಆಗಿದೆ, ಬ್ರಿಡ್ಜ್ ಕಾಟ ಇಲ್ಲ. ಜಾವಾಸ್ಕ್ರಿಪ್ಟ್ ಓಡಿಸಲು ಹರ್ಮಿಸ್ ಎಂಜಿನ್ ಇರುವುದರಿಂದ ಕಡಿಮೆ ಬೆಲೆಯ ಫೋನಿನಲ್ಲೂ ಆ್ಯಪ್ ಬೇಗ ತೆರೆದುಕೊಳ್ಳುತ್ತದೆ. ಅದರ ಜತೆ ಎಕ್ಸ್‌ಪೋ ಅನ್ನುವ ಸಾಧನ ಬಳಸಿದರೆ ಐಫೋನ್ ಬಿಲ್ಡನ್ನು (ಫೋನಿಗೆ ಹಾಕುವ ಸಿದ್ಧ ಆ್ಯಪನ್ನು) ಅವರ ಸರ್ವರಿನಲ್ಲೇ ಮಾಡಿಸಬಹುದು. ಮ್ಯಾಕ್ ಕೊಳ್ಳುವ ಖರ್ಚು ಉಳಿಯಿತು.

ಕೋಡುಬಳೆ

ನನ್ನ ಓಟು ಫ್ಲಟರ್‌ಗೆ. ಕಾರಣ ಒಂದೇ. ರಿಯಾಕ್ಟ್ ನೇಟಿವ್ ಆಯಾ ಫೋನಿನ ಬಟನ್, ಆಯಾ ಫೋನಿನ ಅಕ್ಷರಪೆಟ್ಟಿಗೆಯನ್ನೇ ಕರೆದು ಕೂರಿಸುತ್ತದೆ. ಫ್ಲಟರ್ ಹಾಗಲ್ಲ. ಪರದೆಯ ಮೇಲಿನ ಪ್ರತಿ ಗೆರೆಯನ್ನೂ ತಾನೇ ಬಿಡಿಸುತ್ತದೆ. ಮೊದಲು ಸ್ಕಿಯಾ ಅನ್ನುವ ಎಂಜಿನ್ ಇತ್ತು, ಈಗ ಇಂಪೆಲ್ಲರ್ ಬಂದಿದೆ. ಹಾಗಾಗಿ ಒಂದು ಕಂಪನಿಯ ಫೋನಿನಲ್ಲಿ ಬಟನ್ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಆಗುವ ತಲೆನೋವು ಕಡಿಮೆ. ಆಂಡ್ರಾಯ್ಡ್, ಐಫೋನ್, ವೆಬ್, ವಿಂಡೋಸ್ ಎಲ್ಲಕ್ಕೂ ಒಂದೇ ಕೋಡ್.

ಬೈಟು ಕಾಫಿ

ವಿಂಡೋಸ್ ಅಂದರೆ 10ರಿಂದ ಮೇಲೆ. ಅವರ ಆಫೀಸಿನಲ್ಲಿರುವುದು 7.

ಕೋಡುಬಳೆ

ಹೌದು, ಅದು ನಿಜ. ಅಲ್ಲಿ ವೆಬ್ ಮೂಲಕ ನೋಡಬೇಕಾಗುತ್ತದೆ.

ಧಾರವಾಡ ಪೇಡೆ

ಸರ್, ಎಲ್ಲರೂ ಸಾಧನದ ಹೆಸರು ಹೇಳಾಕತ್ತಾರೆ, ಕೆಲಸ ಯಾರೂ ಬಿಡಿಸಿ ನೋಡಲಿಲ್ಲ. ನಾನು ಕೆಲ ವರ್ಷದಿಂದ ಕೌಂಟರ್ ಆ್ಯಪ್‌ಗಳನ್ನೇ ಮಾಡುತ್ತಿದ್ದೇನೆ. ಬಸ್ ಟಿಕೆಟ್, ಎಪಿಎಂಸಿ ತೂಕದ ಚೀಟಿ, ನೀರಿನ ಬಿಲ್ಲು, ಇಂಥವು. ಸ್ವಲ್ಪ ಉದ್ದ ಬರೆಯುತ್ತೇನೆ, ಸಾವಕಾಶ ಓದಿ.

ನಿಮ್ಮ ಪಟ್ಟಿಯಲ್ಲಿ ಇರುವುದು ಒಂದು ಆ್ಯಪ್ ಅಲ್ಲ. ಕೌಂಟರಿನ ಹುಡುಗ ದಿನಕ್ಕೆ ಎರಡು ಸಲ, ಸಾಲಿನಲ್ಲಿ ನಿಂತ ಮಂದಿಯ ಎದುರು, ಒಂದು ಕೈಯಲ್ಲಿ ಬಳಸುವಂಥದ್ದು ಒಂದು. ಕಾರ್ಯದರ್ಶಿ ಕುಳಿತು ಲೆಕ್ಕ ತಿದ್ದುವಂಥದ್ದು ಇನ್ನೊಂದು. ಸದಸ್ಯ ಸುಮ್ನೆ ತೆರೆದು ನೋಡಿ ಮುಚ್ಚುವಂಥದ್ದು ಮತ್ತೊಂದು. ಈ ಮೂರಕ್ಕೂ ಒಂದೇ ಪರದೆ ಬೇಡ, ಒಂದೇ ಸಾಧನವೂ ಬೇಡ.

ಮೊದಲು ಕೌಂಟರ್ ತೊಗೊಳ್ಳಿ. ಚೀಟಿ ಕೊಡಬೇಕು ಅಂದಿರಿ. ಅಂದರೆ ಬ್ಲೂಟೂತ್ ಥರ್ಮಲ್ ಪ್ರಿಂಟರ್ ಬರುತ್ತದೆ, ಅಂಗೈ ಅಗಲದ್ದು, 58 ಮಿಲಿಮೀಟರ್ ಕಾಗದದ್ದು. ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಇಂಥ ಪ್ರಿಂಟರ್ ಬಹುಪಾಲು ಹಳೇ ಕ್ಲಾಸಿಕ್ ಬ್ಲೂಟೂತ್‌ನಲ್ಲಿ ಮಾತಾಡುತ್ತವೆ. ಐಫೋನಿನಲ್ಲಿ ಆ ದಾರಿ ಮುಚ್ಚಿದೆ. ಆ್ಯಪಲ್‌ನ ಎಂಎಫ್‌ಐ ಅನುಮತಿ ಪಡೆದ ಸಾಧನ ಆದರೆ ಮಾತ್ರ ಆ ಥರ ಜೋಡಿಸಬಹುದು. ಬಿಎಲ್‌ಇ (ಕಡಿಮೆ ವಿದ್ಯುತ್ತಿನ ಹೊಸ ಬ್ಲೂಟೂತ್) ಇರುವ ಪ್ರಿಂಟರ್ ಹುಡುಕಿದರೆ ಬೇರೆ ಮಾತು. ಒಟ್ಟಿನಲ್ಲಿ ನಿಮ್ಮ ಕೌಂಟರ್ ಆಂಡ್ರಾಯ್ಡ್‌ನಲ್ಲೇ ಇರುತ್ತದೆ. ಅಲ್ಲಿ ಐಫೋನ್ ವಿಚಾರ ಬಿಟ್ಟುಬಿಡಿ.

ಬ್ಲೂಟೂತ್ ಅನುಮತಿಯೂ ಆಂಡ್ರಾಯ್ಡ್ ವರ್ಶನ್ ಮೇಲೆ ಬದಲಾಗುತ್ತದೆ. 11 ಮತ್ತು ಅದಕ್ಕಿಂತ ಹಳೇ ಫೋನಿನಲ್ಲಿ ಹತ್ತಿರದ ಸಾಧನ ಹುಡುಕಬೇಕಾದರೆ ಲೊಕೇಶನ್ ಅನುಮತಿ ಕೇಳಬೇಕು. 12ರಿಂದ ಹುಡುಕಲು ಒಂದು, ಜೋಡಿಸಲು ಒಂದು, ಬೇರೆಬೇರೆ ಬ್ಲೂಟೂತ್ ಅನುಮತಿ ಬಂದಿವೆ. "ಹಾಲಿನ ಚೀಟಿಗೆ ನಾನು ಎಲ್ಲಿದ್ದೇನೆ ಅಂತ ಯಾಕೆ ಬೇಕು?" ಅಂತ ಕೌಂಟರಿನ ಹುಡುಗ ಕೇಳಿಯೇ ಕೇಳುತ್ತಾನೆ. ಅನುಮತಿ ಪೆಟ್ಟಿಗೆ ಬರುವ ಮುಂಚೆ ಒಂದು ಸಾಲು ಕನ್ನಡದಲ್ಲಿ ಕಾರಣ ತೋರಿಸಿ. ಇಲ್ಲದಿದ್ದರೆ ಬೇಡ ಅಂತ ಒತ್ತಿಬಿಡುತ್ತಾರೆ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಸರಿ ಮಾಡಿಸುವುದು ಫೋನಿನಲ್ಲಿ ಹೇಳಿ ಆಗುವ ಕೆಲಸ ಅಲ್ಲ.

ಇನ್ನು ಚೀಟಿಯಲ್ಲಿ ಕನ್ನಡ. ಈ ಪ್ರಿಂಟರ್‌ಗಳ ಒಳಗೆ ಇಂಗ್ಲಿಷ್ ಅಕ್ಷರ ಇರುತ್ತವೆ, ಕನ್ನಡ ಇರುವುದಿಲ್ಲ. ಕನ್ನಡ ಪಠ್ಯ ನೇರ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳೋ ಕಸವೋ ಬರುತ್ತದೆ. ಹಾಗಾಗಿ ಚೀಟಿಯನ್ನು ಫೋನಿನಲ್ಲೇ ಚಿತ್ರವಾಗಿ ಬಿಡಿಸಿ, ಕಪ್ಪು ಬಿಳುಪು ಮಾಡಿ, ಆ ಚುಕ್ಕಿಗಳನ್ನು ಪ್ರಿಂಟರಿಗೆ ಕಳಿಸಬೇಕು. 58 ಮಿಲಿಮೀಟರ್ ಕಾಗದದಲ್ಲಿ ಅಚ್ಚಾಗುವ ಅಗಲ ಸಾಮಾನ್ಯವಾಗಿ 384 ಚುಕ್ಕಿ. ನಿಮ್ಮ ಚಿತ್ರದ ಅಗಲವೂ ಅಷ್ಟೇ ಇರಲಿ. ಪ್ರಿಂಟರಿನ ಒಳಗಿನ ಜಾಗ ಸಣ್ಣದು, ಇಡೀ ಚಿತ್ರ ಒಂದೇ ಸಲ ಸುರಿದರೆ ಅರ್ಧಕ್ಕೆ ನಿಲ್ಲುತ್ತದೆ. ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ನಡುವೆ ಸ್ವಲ್ಪ ಬಿಡುವು ಕೊಟ್ಟು ಕಳಿಸಿ. ಅಕ್ಷರ ತೀರಾ ತೆಳ್ಳಗಿದ್ದರೆ ಅಚ್ಚಿನಲ್ಲಿ ಮಾಯ ಆಗುತ್ತದೆ. ಸ್ವಲ್ಪ ದಪ್ಪ ಫಾಂಟ್ ಹಾಕಿ.

ಇದನ್ನು ಫ್ಲಟರ್‌ನಲ್ಲೂ ಮಾಡಬಹುದು, ರಿಯಾಕ್ಟ್ ನೇಟಿವ್‌ನಲ್ಲೂ ಮಾಡಬಹುದು. ಆದರೆ ಪ್ಲಗಿನ್ (ಬೇರೆಯವರು ಬರೆದ ಸಿದ್ಧ ತುಣುಕು) ಕೈಕೊಟ್ಟಾಗ ಕೊನೆಗೆ ಆಂಡ್ರಾಯ್ಡ್‌ನ ಸ್ವಂತ ಭಾಷೆಯಾದ ಕೋಟ್ಲಿನ್ ಕೋಡಿಗೆ ಇಳಿಯಲೇಬೇಕು. ಬಾಡಿಗೆ ಕೋಣೆ ಹುಡುಕಿಕೊಡುವ ಏರ್‌ಬಿಎನ್‌ಬಿ ಕಂಪನಿ 2018ರಲ್ಲಿ ರಿಯಾಕ್ಟ್ ನೇಟಿವ್ ಬಿಡುತ್ತೇವೆ ಅಂತ ಬರೆದಾಗ ಅವರ ದೊಡ್ಡ ಸಂಕಟ ಇದೇ ಆಗಿತ್ತು. ಎರಡು ಕಡೆಯ ಕೋಡ್ ಒಂದಾಗುವ ಬದಲು, ನೋಡಿಕೊಳ್ಳಬೇಕಾದ ಕಡೆಗಳು ಮೂರಾದವು: ಆಂಡ್ರಾಯ್ಡ್, ಐಫೋನ್, ರಿಯಾಕ್ಟ್ ನೇಟಿವ್. ಅದು ಅವರ ಕಾಲದ, ಅವರ ಗಾತ್ರದ ಕಥೆ, ಈಗ ಸಾಧನಗಳು ಸುಧಾರಿಸಿವೆ. ಆದರೂ ಹಾರ್ಡ್‌ವೇರ್ ಮುಟ್ಟುವ ಆ್ಯಪ್‌ಗೆ ಆ ಮಾತು ಇವತ್ತಿಗೂ ನಿಜ.

ಶರಾವತಿ ಕಡೆಯವನು

ಪೇಡೆ ಸರ್, ತುಂಬಾ ಉಪಕಾರ. ಪ್ರಿಂಟರ್ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಹಾಗಾದರೆ ಸದಸ್ಯರಿಗೆ ಏನು ಮಾಡಲಿ? ಅವರಿಗೆ ಐಫೋನ್ ಬೇಕೇ ಬೇಕು.

ದೂರದೂರಿಂದ

ಮ್ಯೂನಿಕ್‌ನಲ್ಲಿದ್ದೇನೆ, ಐಫೋನ್ ಆ್ಯಪ್ ಕೆಲಸ. ಸದಸ್ಯರು ನೋಡುವುದು ಪಾಸ್‌ಬುಕ್ ಮಾತ್ರ ಅಲ್ವಾ? ಏನೂ ಬರೆಯುವುದಿಲ್ಲ. ಅದಕ್ಕೆ ಆ್ಯಪ್ ಸ್ಟೋರ್ ತನಕ ಹೋಗಬೇಡಿ. ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್, ಪ್ಲೇ ಸ್ಟೋರ್‌ಗೆ ಒಂದೇ ಸಲ 25 ಡಾಲರ್. ಸಂಘದ ದುಡ್ಡಿನಲ್ಲಿ ಪ್ರತಿ ವರ್ಷ 99 ಡಾಲರ್ ಕಟ್ಟಿಸಿ, ಬೆರಳೆಣಿಕೆಯ ಐಫೋನ್‌ಗಳಿಗೆ ಲೆಕ್ಕ ತೋರಿಸುವುದು ನನಗೆ ನ್ಯಾಯ ಅನ್ನಿಸುವುದಿಲ್ಲ. ಒಂದು ಹಗುರ ವೆಬ್ ಪುಟ ಮಾಡಿ. ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡರೆ ಆ್ಯಪ್ ಹಾಗೇ ತೆರೆಯುತ್ತದೆ.

ಒಂದು ಎಚ್ಚರಿಕೆ. ಐಫೋನಿನ ಸಫಾರಿಯಲ್ಲಿ ಪುಟವನ್ನು ಸುಮ್ನೆ ತೆರೆದು ಬಿಟ್ಟರೆ, ಏಳು ದಿನ ಬಳಸದೇ ಹೋದಾಗ ಪುಟ ಉಳಿಸಿಟ್ಟುಕೊಂಡ ಮಾಹಿತಿಯನ್ನು ಅಳಿಸಿಬಿಡುತ್ತದೆ. ಹೋಮ್ ಸ್ಕ್ರೀನಿಗೆ ಸೇರಿಸಿದ್ದಕ್ಕೆ ಆ ನಿಯಮ ಇಲ್ಲ. ಪುಶ್ ಸೂಚನೆಯೂ ಹಾಗೇ: ಐಫೋನಿನ ಐಓಎಸ್ 16.4ರಿಂದ ವೆಬ್‌ಗೂ ಬರುತ್ತದೆ, ಆದರೆ ಹೋಮ್ ಸ್ಕ್ರೀನಿನಲ್ಲಿ ಇದ್ದರೆ ಮಾತ್ರ. ಅದಕ್ಕೇ ಮೊದಲ ಪುಟದಲ್ಲೇ ಹೇಗೆ ಸೇರಿಸಿಕೊಳ್ಳುವುದು ಅಂತ ಚಿತ್ರ ಸಮೇತ ತೋರಿಸಿ. ಸಫಾರಿಯಲ್ಲಿ ಆ ಆಯ್ಕೆ ಶೇರ್ ಬಟನ್ ಒಳಗೆ ಇದೆ, ತಾನಾಗಿ ಯಾರಿಗೂ ಸಿಗುವುದಿಲ್ಲ.

ಇದೇ ಪುಟ ಆಫೀಸಿನ ವಿಂಡೋಸ್ 7ಕ್ಕೂ ಆಗುತ್ತದೆ. ಅಲ್ಲಿ ಕ್ರೋಮ್ 109ಕ್ಕೆ ನಿಂತಿದೆ, ಅದಕ್ಕಿಂತ ಮುಂದಿನದು ಆ ವಿಂಡೋಸ್‌ಗೆ ಬರುವುದಿಲ್ಲ. ಹಾಗಾಗಿ ಪುಟದ ಅಲಂಕಾರಕ್ಕೆ ಹೊಸ ಸಿಎಸ್‌ಎಸ್ ಚಮತ್ಕಾರ ಬೇಡ. ಸಾದಾ ಎಚ್‌ಟಿಎಂಎಲ್ ಟೇಬಲ್ ಇದ್ದರೆ ಕಾರ್ಯದರ್ಶಿಗಳಿಗೂ ಪ್ರಿಂಟ್ ತೆಗೆಯಲು ಸಲೀಸು.

ಹಳ್ಳಿ ಮೇಷ್ಟ್ರು

ಕೀಪ್ಯಾಡ್ ಫೋನಿನವರನ್ನು ಎಲ್ಲರೂ ಮರೆತಿರಿ. ನಮ್ಮ ಕಡೆ ಹಾಲು ಹಾಕುವವರಲ್ಲಿ ಹೆಂಗಸರೇ ಜಾಸ್ತಿ, ಸ್ಮಾರ್ಟ್‌ಫೋನ್ ಇರುವುದು ಮಗನ ಹತ್ತಿರವೋ ಗಂಡನ ಹತ್ತಿರವೋ. ದುಡಿಯುವವರು ಅವರು, ಲೆಕ್ಕ ಮಾತ್ರ ಬೇರೆಯವರ ಕೈಯಲ್ಲಿ. ಅವರವರ ನಂಬರಿಗೇ ಮೆಸೇಜ್ ಹೋಗಲಿ.

ಬೈಟು ಕಾಫಿ

ಸತ್ಯವಾದ ಮಾತು ಮೇಷ್ಟ್ರೇ. ಎಸ್ಸೆಮ್ಮೆಸ್ ಮಾಡುವುದಾದರೆ ಎರಡು ಸಂಗತಿ ಗೊತ್ತಿರಲಿ. ಸಂಘದ ಹೆಸರಿನಲ್ಲಿ ಡಿಎಲ್‌ಟಿ (ಮೆಸೇಜ್ ಕಳಿಸುವ ಸಂಸ್ಥೆಗಳ ದಾಖಲೆ) ನೋಂದಣಿ ಮಾಡಿಸಬೇಕು, ಮೆಸೇಜಿನ ಮಾದರಿಯನ್ನೂ ಮೊದಲೇ ಒಪ್ಪಿಸಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮ. ಇನ್ನೊಂದು ಉದ್ದದ ವಿಚಾರ. ಇಂಗ್ಲಿಷ್‌ನಲ್ಲಿ ಒಂದು ಮೆಸೇಜಿಗೆ 160 ಅಕ್ಷರ. ಕನ್ನಡದ ಒಂದು ಅಕ್ಷರ ಸೇರಿದರೂ ಇಡೀ ಮೆಸೇಜು ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಕ್ಕೂ ಇರುವ ಸಂಕೇತ ವ್ಯವಸ್ಥೆ) ಆಗಿ 70ಕ್ಕೆ ಇಳಿಯುತ್ತದೆ. ಆ 70ರಲ್ಲಿ ಗುಣಿತ, ಅರ್ಧಾಕ್ಷರ ಎಲ್ಲವೂ ಬೇರೆಬೇರೆ ಎಣಿಕೆ. 70 ದಾಟಿದರೆ ಎರಡು ಮೆಸೇಜಿನ ದುಡ್ಡು. "ಬೆ 6.5 ಲೀ, ಫ್ಯಾ 4.1" ಅನ್ನುವ ಹಾಗೆ ಚಿಕ್ಕದಾಗಿ ಬರೆಯಿರಿ. ದಿನಾ ಎರಡು ಸಲ ಬೇಡ, ಬಟವಾಡೆ ದಿನ ಒಂದು ಒಟ್ಟು ಲೆಕ್ಕ ಹೋದರೂ ಸಾಕು.

ಅಕ್ಷರಪ್ರೇಮಿ

ಕನ್ನಡ ಅಂತ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಆ್ಯಪ್ ಎಲ್ಲ ಫೋನಿನಲ್ಲೂ ಓಡುತ್ತದೆ ಅನ್ನುವವರು ಇಂಗ್ಲಿಷ್‌ನಲ್ಲಿ ಪರೀಕ್ಷೆ ಮಾಡಿರುತ್ತಾರೆ. ಕನ್ನಡ ಹಾಕಿದ ಕೂಡಲೇ ಬೇರೆಯದೇ ಸಮಸ್ಯೆಗಳು ಏಳುತ್ತವೆ. ಇದು ಸಣ್ಣ ವಿಷಯ ಅಲ್ಲ. ತನ್ನ ಹೆಸರೇ ಒಡೆದು ಕಂಡರೆ ಆ ಆ್ಯಪ್ ತೋರಿಸುವ ದುಡ್ಡಿನ ಲೆಕ್ಕವನ್ನು ಯಾರೂ ನಂಬುವುದಿಲ್ಲ.

ಮೊದಲನೆಯದು ಎತ್ತರ. ಇಂಗ್ಲಿಷ್ ಅಕ್ಷರಕ್ಕೆ ಅಳತೆ ಹಿಡಿದು ಸಾಲಿನ ಎತ್ತರ ಗಟ್ಟಿ ಮಾಡಿಬಿಟ್ಟರೆ ನಮ್ಮ ಒತ್ತಕ್ಷರದ ಬಾಲ ಕತ್ತರಿಸುತ್ತದೆ. "ರಾಷ್ಟ್ರ" ಬರೆದು ನೋಡಿ. ಷ ಕೆಳಗೆ ಟ, ಅದರ ಜತೆಗೆ ರ. ಬಟನ್ ಒಳಗೆ ಕೂರಿಸಿದಾಗ ಕೆಳಗಿನ ಒತ್ತು ಅರ್ಧ ಮಾಯ. ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಇನ್ನೊಂದು ಹಿನ್ನೆಲೆ ಇದೆ. ಎತ್ತರದ ಲಿಪಿಗಳನ್ನು ಸಾಲಿನೊಳಗೆ ಅದುಮಿ ಕೂರಿಸಲು ಅಡಕ ಮಾಡಿದ ಫಾಂಟುಗಳನ್ನು ಗೂಗಲ್‌ನವರು ಇಟ್ಟಿದ್ದರು. ಆಂಡ್ರಾಯ್ಡ್ 15ಕ್ಕೆ ಗುರಿ ಇಟ್ಟ ಆ್ಯಪ್‌ಗಳಲ್ಲಿ ಅದನ್ನು ಬಿಟ್ಟು, ಓದಲು ಸುಲಭವಾದ ಎತ್ತರದ ರೂಪವನ್ನೇ ಡೀಫಾಲ್ಟ್ ಮಾಡಿದ್ದಾರೆ. ಕನ್ನಡವೂ ಆ ಪಟ್ಟಿಯಲ್ಲಿದೆ. ಒಳ್ಳೆಯ ಬದಲಾವಣೆ. ಆದರೆ ಹಳೇ ಫೋನಿನಲ್ಲಿ ಸರಿ ಕೂತ ಪರದೆ ಹೊಸ ಫೋನಿನಲ್ಲಿ ಉಕ್ಕಬಹುದು. ಎರಡರಲ್ಲೂ ನೋಡಲೇಬೇಕು. ರಿಯಾಕ್ಟ್ ನೇಟಿವ್‌ನಲ್ಲಿ ಫಾಂಟ್ ಪ್ಯಾಡಿಂಗ್ (ಅಕ್ಷರದ ಮೇಲೆ ಕೆಳಗೆ ಬಿಡುವ ಜಾಗ) ಇಡುವ ಒಂದು ಆಯ್ಕೆ ಇದೆ. ಡಿಸೈನ್ ಅಂದವಾಗಲಿ ಅಂತ ಎಷ್ಟೋ ಜನ ಅದನ್ನು ಆಫ್ ಮಾಡುತ್ತಾರೆ. ಕನ್ನಡ ಇದ್ದರೆ ಮುಟ್ಟಬೇಡಿ.

ಎರಡನೆಯದು ಫಾಂಟ್. ಫೋನಿನಲ್ಲಿ ಇರುವ ಫಾಂಟನ್ನೇ ನಂಬಿದರೆ ಆಂಡ್ರಾಯ್ಡ್‌ನಲ್ಲಿ ಒಂದು ರೂಪ, ಐಫೋನಿನಲ್ಲಿ ಇನ್ನೊಂದು. ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ ಎರಡೂ ಮುಕ್ತ ಪರವಾನಗಿಯವು. ಒಂದನ್ನು ಆ್ಯಪ್ ಜತೆಗೇ ಕಟ್ಟಿ ಕಳಿಸಿ. ಪೇಡೆ ಸರ್ ಹೇಳಿದ ಚೀಟಿಗೂ ಅದೇ ಫಾಂಟ್ ಆಗುತ್ತದೆ.

ಮೂರನೆಯದು ಕತ್ತರಿಸುವುದು. "ಸ್ತ್ರೀ" ನಮ್ಮ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಆರು: ಸ, ವಿರಾಮ (ಅರ್ಧಾಕ್ಷರದ ಚಿಹ್ನೆ), ತ, ವಿರಾಮ, ರ, ಈಕಾರ. ಹೆಸರಿಗೆ 20 ಅಕ್ಷರ ಮಿತಿ ಅಂತ ಇಟ್ಟರೆ ಉದ್ದ ಹೆಸರಿನವರು ಮಧ್ಯದಲ್ಲೇ ತುಂಡಾಗುತ್ತಾರೆ, ಕೊನೆಗೆ ಒಂದು ಅರ್ಧಾಕ್ಷರ ನೇತಾಡುತ್ತದೆ. ಎಣಿಸಿ ಕತ್ತರಿಸುವ ಕೋಡ್ ಬರೆಯಲೇಬೇಡಿ. ಜಾಗ ಸಾಲದಿದ್ದರೆ ಎರಡನೇ ಸಾಲಿಗೆ ಹೋಗಲಿ.

ನಾಲ್ಕನೆಯದು ಹುಡುಕಾಟ. ನಿಮ್ಮ ಸಂಘದ ಸದಸ್ಯರ ಪಟ್ಟಿ ಎಲ್ಲಿಂದ ಬರುತ್ತದೆ? ಆಫೀಸಿನ ಕಂಪ್ಯೂಟರಿನಲ್ಲಿ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಅದು ಯೂನಿಕೋಡ್ ಅಲ್ಲ. ಪರಿವರ್ತನೆ ಮಾಡಲೇಬೇಕು, ಮಾಡಿದ ಮೇಲೆ ಒಂದೊಂದು ಹೆಸರನ್ನೂ ಕಣ್ಣಿಂದ ನೋಡಬೇಕು. ಆಮೇಲೆ ಕೀಬೋರ್ಡ್ ವ್ಯತ್ಯಾಸ. ಒಬ್ಬರು ಅರ್ಕಾವತ್ತು ಬರುವ ಹಾಗೆ ಟೈಪಿಸುತ್ತಾರೆ, ಇನ್ನೊಬ್ಬರ ಕೀಬೋರ್ಡ್ ನಡುವೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆ ಸೇರಿಸುತ್ತದೆ. ಓದಲು ಒಂದೇ ಹೆಸರು, ಹುಡುಕಿದರೆ ಸಿಗುವುದಿಲ್ಲ. ಉಳಿಸುವಾಗ ಎನ್‌ಎಫ್‌ಸಿ ಅನ್ನುವ ಯೂನಿಕೋಡ್‌ನ ಏಕರೂಪಕ್ಕೆ ತನ್ನಿ. ಹುಡುಕಲು ಬೇರೆ ಒಂದು ಕಾಲಂ ಇಟ್ಟು, ಅದರಲ್ಲಿ ಆ ಕಾಣದ ಚಿಹ್ನೆಗಳನ್ನು ತೆಗೆದುಹಾಕಿ. ತೋರಿಸುವ ಹೆಸರಿನಿಂದ ಮಾತ್ರ ತೆಗೆಯಬೇಡಿ, ರೂಪ ಕೆಡುತ್ತದೆ.

ನಮ್ಮ ಲಿಪಿ ಎಷ್ಟು ಕಡೆ ತೊಂದರೆ ಕೊಟ್ಟಿದೆ ಅಂದರೆ, ಫ್ಲಟರ್‌ನ ಮೂಲ ಕೋಡಿನಲ್ಲಿ ಕನ್ನಡ ಅನುವಾದದ ಕಡತಗಳನ್ನು ಮಾತ್ರ ನೇರ ಅಕ್ಷರದಲ್ಲಿ ಇಡದೆ ಸಂಕೇತ ಸಂಖ್ಯೆಗಳಾಗಿ ಬದಲಿಸಿ ಇಟ್ಟಿದ್ದಾರೆ. ಅದಕ್ಕೆಂದೇ ಬೇರೆ ಒಂದು ಪುಟ್ಟ ಪ್ರೋಗ್ರಾಂ ಇದೆ. ಕಾರಣವನ್ನೂ ಅಲ್ಲೇ ಬರೆದಿದ್ದಾರೆ: ಆ ಅಕ್ಷರಗಳಿಂದ ಲಿನಕ್ಸ್‌ನಲ್ಲಿ ಕೋಡ್ ಬರೆಯುವ ಈಮ್ಯಾಕ್ಸ್ ಎಡಿಟರ್ ಕ್ರ್ಯಾಶ್ ಆಗಬಹುದು ಅಂತ. 2018ರಲ್ಲಿ ತೆಲುಗಿನ ಒಂದು ಒತ್ತಕ್ಷರ ಬಂದರೆ ಐಫೋನೇ ಕುಸಿಯುತ್ತಿತ್ತು, ಆ್ಯಪಲ್ ಐಓಎಸ್ 11.2.6 ಬಿಡಬೇಕಾಯಿತು. ನಾವೇ ಪರೀಕ್ಷೆ ಮಾಡಿ ದೂರು ಬರೆಯದಿದ್ದರೆ ಬೇರೆ ಯಾರಿಗೂ ಇದು ಕಾಣುವುದಿಲ್ಲ.

ಕೋಡುಬಳೆ

ಈಮ್ಯಾಕ್ಸ್ ಸಂಗತಿ ಗೊತ್ತೇ ಇರಲಿಲ್ಲ! ಈಗ ಹೋಗಿ ನೋಡಿದೆ, ಹೌದು.

ಎತ್ತರದ ಜತೆಗೆ ಉದ್ದವನ್ನೂ ಸೇರಿಸಿಕೊಳ್ಳಿ ಅಕ್ಷರಪ್ರೇಮಿ ಅವರೇ. ಇಂಗ್ಲಿಷ್‌ನಲ್ಲಿ "ಸೇವ್" ಅನ್ನುವ ಬಟನ್ ಕನ್ನಡದಲ್ಲಿ "ಉಳಿಸಿಕೊಳ್ಳಿ" ಆಗುತ್ತದೆ. ಅದರ ಮೇಲೆ ವಯಸ್ಸಾದವರು ಸೆಟ್ಟಿಂಗ್ಸ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ. ಆಂಡ್ರಾಯ್ಡ್ 14ರಿಂದ ಎರಡು ಪಟ್ಟಿನವರೆಗೂ ಹಿಗ್ಗಿಸಬಹುದು. ಫ್ಲಟರ್‌ನಲ್ಲಿ ಡೆವಲಪ್ ಮಾಡುವಾಗ ಪಠ್ಯ ಪೆಟ್ಟಿಗೆ ಮೀರಿದರೆ ಹಳದಿ ಕಪ್ಪು ಪಟ್ಟೆ ಬರುತ್ತದೆ. ಫೋನಿನ ಅಕ್ಷರ ಗಾತ್ರ ಕೊನೆಯ ತನಕ ಎಳೆದಿಟ್ಟು ಪ್ರತಿ ಪರದೆ ನೋಡಿ. ಕೆಲವರು ಅಕ್ಷರ ಹಿಗ್ಗದ ಹಾಗೆ ಲಾಕ್ ಮಾಡಿಬಿಡುತ್ತಾರೆ. ಕಣ್ಣು ಮಂಜಾದವರಿಗೆ ಅದು ಬಾಗಿಲು ಹಾಕಿದ ಹಾಗೆ.

ಶರಾವತಿ ಕಡೆಯವನು

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಋಣಿ. ಸದಸ್ಯರ ಪಟ್ಟಿ ಹಳೇ ನುಡಿಯಲ್ಲೇ ಇದೆ, ಸರಿಯಾಗಿ ಊಹಿಸಿದಿರಿ.

ಇನ್ನೊಂದು ಪ್ರಶ್ನೆ. ನೆಟ್‌ವರ್ಕ್ ಇಲ್ಲದಾಗ ಬರೆದದ್ದು ಆಮೇಲೆ ತಾನಾಗಿ ಸರ್ವರಿಗೆ ಹೋಗಬೇಕು. ಹಿನ್ನೆಲೆಯಲ್ಲಿ ಓಡುವ ಹಾಗೆ ಮಾಡಿದರೆ ಆಯಿತಲ್ಲ?

ಧಾರವಾಡ ಪೇಡೆ

ಹಿನ್ನೆಲೆಯನ್ನು ಪೂರಾ ನಂಬಬೇಡಿ. ಆಂಡ್ರಾಯ್ಡ್ 6ರಿಂದ ಡೋಜ್ ಬಂದಿದೆ, ಫೋನ್ ಸುಮ್ಮನೆ ಬಿದ್ದಿದ್ದರೆ ಹಿನ್ನೆಲೆ ಕೆಲಸ ಮುಂದೂಡುತ್ತದೆ. ಅದರ ಮೇಲೆ ಕೆಲವು ಫೋನ್ ಕಂಪನಿಗಳು ಬ್ಯಾಟರಿ ಉಳಿಸಲು ತಮ್ಮದೇ ಕತ್ತರಿ ಹಾಕುತ್ತವೆ. ಅಂಥ ಫೋನಿನಲ್ಲಿ ಆ್ಯಪನ್ನು ಪಟ್ಟಿಯಿಂದ ಮೇಲಕ್ಕೆ ತಳ್ಳಿದರೆ ಹಿನ್ನೆಲೆ ಕೆಲಸವೂ ಸತ್ತಂತೆ. ಹಿನ್ನೆಲೆ ಕೆಲಸಕ್ಕೆ ಆಂಡ್ರಾಯ್ಡ್‌ನ ವರ್ಕ್‌ಮ್ಯಾನೇಜರ್ ಬಳಸಿ, ಆದರೆ ಮತ್ತೆ ಮತ್ತೆ ಓಡುವ ಕೆಲಸಕ್ಕೆ ಅದರಲ್ಲಿ ಕನಿಷ್ಠ ಅಂತರ 15 ನಿಮಿಷ, ಅದೂ ಹೇಳಿದ ಹೊತ್ತಿಗೇ ಓಡುತ್ತದೆ ಅನ್ನುವ ಖಾತ್ರಿ ಇಲ್ಲ.

ನಾನು ಮಾಡುವುದು ಹೀಗೆ. ಪ್ರತಿ ನಮೂದು ಮೊದಲು ಫೋನಿನೊಳಗಿನ ಎಸ್‌ಕ್ಯೂಲೈಟ್ ಡೇಟಾಬೇಸ್‌ಗೆ. ಅದರ ಗುರುತು ಸಂಖ್ಯೆಯನ್ನು ಫೋನೇ ಹುಟ್ಟಿಸುತ್ತದೆ, ಬೇರೆಲ್ಲೂ ಮರುಕಳಿಸದ ಯುಯುಐಡಿ. ಹಾಗಾಗಿ ಒಂದೇ ನಮೂದು ಎರಡು ಸಲ ಹೋದರೂ ಸರ್ವರ್ ಗುರುತು ಹಿಡಿದು ಒಂದನ್ನೇ ಇಟ್ಟುಕೊಳ್ಳುತ್ತದೆ. ಪರದೆಯ ಮೇಲ್ಭಾಗದಲ್ಲಿ "ಕಳಿಸಲು ಬಾಕಿ: 7" ಅಂತ ಸದಾ ಕಾಣಬೇಕು. ಆ್ಯಪ್ ತೆರೆದಾಗಲೆಲ್ಲ ಕಳಿಸಲು ನೋಡಬೇಕು, ಕೈಯಿಂದ ಒತ್ತಿ ಕಳಿಸುವ ಬಟನ್ನೂ ಇರಬೇಕು. ನಮೂದನ್ನು ತಿದ್ದಿದರೆ ಹಳೆಯದನ್ನು ಅಳಿಸದೆ, ತಿದ್ದುಪಡಿಯನ್ನು ಹೊಸ ಸಾಲಾಗಿ ಸೇರಿಸಿ. ದುಡ್ಡಿನ ವಿಷಯದಲ್ಲಿ ಯಾರು ಯಾವಾಗ ತಿದ್ದಿದರು ಅಂತ ಮುಂದೆ ಕೇಳಿಯೇ ಕೇಳುತ್ತಾರೆ. ಕೌಂಟರಿನ ಫೋನಿನ ಗಡಿಯಾರ ತಪ್ಪಿರಬಹುದು, ಸರ್ವರಿಗೆ ಸೇರಿದ ಹೊತ್ತನ್ನೂ ಬೇರೆ ಬರೆದಿಡಿ.

ದೂರದೂರಿಂದ

ಮುಖ್ಯವಾದ ಒಂದು ಬಾಕಿ ಉಳಿದಿದೆ. ದರ ಲೆಕ್ಕ. ಫ್ಯಾಟ್, ಎಸ್‌ಎನ್‌ಎಫ್ ನೋಡಿ ಲೀಟರಿಗೆ ಇಷ್ಟು ಅಂತ ಫೋನಿನಲ್ಲೂ ಲೆಕ್ಕ ಹಾಕುತ್ತೀರಿ, ಚೀಟಿಯಲ್ಲಿ ಬರಬೇಕಲ್ಲ. ಸರ್ವರಿನಲ್ಲೂ ಹಾಕುತ್ತೀರಿ, ಬಟವಾಡೆಗೆ. ವೆಬ್ ಪುಟದಲ್ಲೂ ತೋರಿಸುತ್ತೀರಿ. ಮೂರು ಕಡೆ ಮೂರು ಭಾಷೆಯಲ್ಲಿ ಬರೆದರೆ ಪೈಸೆ ಹೊಂದುವುದಿಲ್ಲ. 2.5 ಅನ್ನು ಪೂರ್ಣಾಂಕ ಮಾಡಿ ಅಂದರೆ ಪೈಥಾನ್ ಭಾಷೆ "2" ಅನ್ನುತ್ತದೆ, ಫ್ಲಟರ್ ಬಳಸುವ ಡಾರ್ಟ್ ಭಾಷೆ "3" ಅನ್ನುತ್ತದೆ. ಕೋಟ್ಲಿನ್‌ನಲ್ಲಂತೂ ರೌಂಡ್ ಅಂದರೆ 2, ರೌಂಡ್‌ಟುಇಂಟ್ ಅಂದರೆ 3. ಒಬ್ಬ ಸದಸ್ಯನಿಗೆ ಒಂದು ಹೊತ್ತಿಗೆ ಒಂದು ಪೈಸೆ ವ್ಯತ್ಯಾಸ. ಬಟವಾಡೆ ದಿನ ಚೀಟಿಗಳನ್ನು ಕೂಡಿಸಿ ತಂದವರ ಲೆಕ್ಕಕ್ಕೂ ಸಂಘದ ಲೆಕ್ಕಕ್ಕೂ ತಾಳೆ ಇಲ್ಲ. ಒಂದು ರೂಪಾಯಿಯೇ ಇರಲಿ, ಸಂಘದ ಮೇಲಿನ ನಂಬಿಕೆ ಹೋಗುತ್ತದೆ.

ಎಲ್ಲ ಕಡೆ ಒಂದೇ ಆಗಿರಬೇಕಾದ್ದು ಇದು. ಬಟನ್ ಬೇರೆಬೇರೆ ಇದ್ದರೆ ಯಾರಿಗೂ ನಷ್ಟ ಇಲ್ಲ.

ನೀವು ಜಾವಾದವರು. ಹಾಗಾಗಿ ಕೋಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್ ನಿಮಗೆ ಹೊಂದುತ್ತದೆ ಅನ್ನಿಸುತ್ತದೆ. 2023ರ ನವೆಂಬರ್‌ನಲ್ಲಿ ಅದನ್ನು ಸ್ಟೇಬಲ್ (ಧೈರ್ಯವಾಗಿ ಬಳಸಬಹುದಾದ್ದು) ಅಂತ ಘೋಷಿಸಿದರು, ಮರುವರ್ಷ ಗೂಗಲ್ ಕೂಡ ಅಧಿಕೃತವಾಗಿ ಬೆಂಬಲ ಕೊಟ್ಟಿತು. ದರ ಲೆಕ್ಕ, ತಪಾಸಣೆ, ಸಿಂಕ್ ನಿಯಮ ಇಷ್ಟನ್ನೇ ಒಂದು ಮಾಡ್ಯೂಲ್ ಮಾಡಿ. ಅದೇ ಕೋಡ್ ನಿಮ್ಮ ಜಾವಾ ಸರ್ವರಿನಲ್ಲೂ ಓಡುತ್ತದೆ, ಆಂಡ್ರಾಯ್ಡ್‌ನಲ್ಲೂ ಓಡುತ್ತದೆ. ಮುಂದೆ ಐಫೋನ್ ಆ್ಯಪ್ ಬೇಕಾದರೆ ಅಲ್ಲಿಗೂ ಹೋಗುತ್ತದೆ. ದುಡ್ಡನ್ನು ದಶಮಾಂಶದಲ್ಲಿ ಇಡಬೇಡಿ, ಪೈಸೆ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡಿ. ವೆಬ್ ಪುಟ ಲೆಕ್ಕ ಹಾಕುವುದೇ ಬೇಡ, ಸರ್ವರ್ ಕೊಟ್ಟದ್ದನ್ನು ತೋರಿಸಲಿ.

ಕೋಡುಬಳೆ

ಫ್ಲಟರ್ ಪಕ್ಷದವಳಾಗಿಯೂ ಇದನ್ನು ಒಪ್ಪುತ್ತೇನೆ. ಡಾರ್ಟನ್ನು ಸರ್ವರಿನಲ್ಲೂ ಓಡಿಸಬಹುದು, ಆದರೆ ನೀವು ಈಗಾಗಲೇ ಜಾವಾದಲ್ಲಿ ಇದ್ದೀರಿ. ಒಂದು ಭಿನ್ನಾಭಿಪ್ರಾಯ ಮಾತ್ರ ಉಳಿಯುತ್ತದೆ. ವರ್ಷ ಕಳೆದ ಮೇಲೆ ಸಂಘದವರು "ನಮಗೂ ಸರಿಯಾದ ಐಫೋನ್ ಆ್ಯಪ್ ಬೇಕು" ಅಂದರೆ ಪರದೆಗಳನ್ನು ಮತ್ತೆ ಬರೆಯಬೇಕಾಗುತ್ತದೆ. ಫ್ಲಟರ್ ಆಗಿದ್ದರೆ ಆ ಕೆಲಸ ಅರ್ಧಕ್ಕರ್ಧ ಉಳಿಯುತ್ತಿತ್ತು.

ದೂರದೂರಿಂದ

ಕೋಟ್ಲಿನ್‌ನಲ್ಲೇ ಪರದೆ ಬರೆಯುವ ಕಂಪೋಸ್ ಮಲ್ಟಿಪ್ಲಾಟ್‌ಫಾರ್ಮ್ ಐಓಎಸ್‌ಗೂ 2025ರ ಮೇ ತಿಂಗಳಲ್ಲಿ ಸ್ಟೇಬಲ್ ಆಗಿದೆ ಅಕ್ಕ. ಪರದೆಯನ್ನು ಕಂಪೋಸ್‌ನಲ್ಲಿ ಬರೆದಿದ್ದರೆ ಅದನ್ನೂ ಸಾಗಿಸಬಹುದು. ಫ್ಲಟರ್‌ನಷ್ಟು ಪಳಗಿಲ್ಲ ಅನ್ನುವುದನ್ನು ಒಪ್ಪುತ್ತೇನೆ.

ಬೈಟು ಕಾಫಿ

ಪ್ಲೇ ಸ್ಟೋರ್ ಬಗ್ಗೆ ಒಂದು ಮಾತು, ಕೊನೆಗೆ ಇದರಲ್ಲೇ ಎಲ್ಲರೂ ಸಿಕ್ಕಿಕೊಳ್ಳುವುದು. ನಿಮ್ಮ ಸ್ವಂತ ಹೆಸರಿನಲ್ಲಿ ಹೊಸ ಖಾತೆ ತೆರೆದರೆ, ಆ್ಯಪ್ ಬಿಡುವ ಮುಂಚೆ 12 ಜನ ಸತತ 14 ದಿನ ಮುಚ್ಚಿದ ಪರೀಕ್ಷೆಯಲ್ಲಿ (ಆರಿಸಿದವರಿಗೆ ಮಾತ್ರ ಆ್ಯಪ್ ಕೊಟ್ಟು ನೋಡುವುದು) ಇರಬೇಕು. ಸಂಸ್ಥೆಯ ಖಾತೆಗೆ ಆ ನಿಯಮ ಇಲ್ಲ, ಆದರೆ ಸಂಸ್ಥೆಗಳಿಗೆ ಕೊಡುವ ಡನ್ಸ್ ಗುರುತು ಸಂಖ್ಯೆ ಬೇಕು. ಸಂಘದ ಹೆಸರಿನಲ್ಲೇ ಮಾಡಿಸಿ. ನಾಳೆ ನೀವು ಊರು ಬಿಟ್ಟರೂ ಆ್ಯಪ್ ಸಂಘದ ಹತ್ತಿರವೇ ಇರುತ್ತದೆ. ಅಪ್ಡೇಟ್ ಕೂಡ ನಿಲ್ಲಿಸುವ ಹಾಗಿಲ್ಲ. ಪ್ರತಿ ವರ್ಷ ಹೊಸ ಆಂಡ್ರಾಯ್ಡ್‌ಗೆ ಗುರಿ ಏರಿಸಬೇಕು ಅಂತ ಗೂಗಲ್ ಹೇಳುತ್ತದೆ. 2025ರ ಆಗಸ್ಟ್ 31ರಿಂದ ಎಪಿಐ 35, ಅಂದರೆ ಆಂಡ್ರಾಯ್ಡ್ 15ರ ಗುರಿ, ಬೇಕು ಅಂತ ಮಾಡಿದರು. ಅದಕ್ಕೆ ಏರಿಸಿದರೆ ಆಂಡ್ರಾಯ್ಡ್ 15ರ ಫೋನಿನಲ್ಲಿ ಆ್ಯಪ್ ಪರದೆಯ ಅಂಚಿನಿಂದ ಅಂಚಿಗೆ ಹರಡುತ್ತದೆ, ಕೆಳಗಿನ ಬಟನ್ ಫೋನಿನ ನ್ಯಾವಿಗೇಶನ್ ಪಟ್ಟಿಯ ಅಡಿಗೆ ಹೋಗಬಹುದು. "ಉಳಿಸಿಕೊಳ್ಳಿ" ಒತ್ತಲು ಹೋದರೆ ಆ್ಯಪೇ ಮುಚ್ಚುತ್ತದೆ. ಮೊದಲಿಂದಲೇ ಅಂಚಿನ ಜಾಗ ಬಿಟ್ಟು ಬರೆಯಿರಿ.

ಹಳ್ಳಿ ಮೇಷ್ಟ್ರು

ಪರೀಕ್ಷೆಗೆ ನಿಮ್ಮ ಫೋನ್ ಬೇಡ ತಮ್ಮಾ. ಆ ಹುಡುಗನ ಫೋನನ್ನೇ ಇಸಿದುಕೊಂಡು ಸಂಜೆ ಹೊತ್ತು ಡೈರಿಯಲ್ಲೇ ನೋಡು. ಕೈ ಒದ್ದೆ ಇರುತ್ತದೆ, ಬೆಳಕು ಕಡಿಮೆ, ಹಿಂದೆ ಮಂದಿ ಅವಸರ ಮಾಡುತ್ತಿರುತ್ತಾರೆ.

ಧಾರವಾಡ ಪೇಡೆ

ಮೇಷ್ಟ್ರು ಹೇಳಿದ್ದು ಖರೇ. ಒದ್ದೆ ಬೆರಳಿಗೆ ಸಣ್ಣ ಬಟನ್ ಸಿಗುವುದೇ ಇಲ್ಲ. ಅಂಕಿ ಒತ್ತುವ ಕೀಗಳನ್ನು ನೀವೇ ದೊಡ್ಡದಾಗಿ ಬಿಡಿಸಿ, ಫೋನಿನ ಕೀಬೋರ್ಡ್ ಕರೆಯಬೇಡಿ. ಒಂದು ಕಂಪನಿಯ ಕೀಬೋರ್ಡ್‌ನಲ್ಲಿ ಚುಕ್ಕಿ ಕೀ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. 4.1 ಫ್ಯಾಟ್ 41 ಆಗಿ ಕೂತರೆ ಯಾರು ನೋಡುತ್ತಾರೆ? ಸಾಧ್ಯವೇ ಇಲ್ಲದ ಅಂಕಿಯನ್ನು ಅಲ್ಲೇ ತಡೆಯಿರಿ.

ಶರಾವತಿ ಕಡೆಯವನು

ಸರಿ, ಹೀಗೆ ತೀರ್ಮಾನ ಮಾಡಿದ್ದೇನೆ. ಕೌಂಟರ್ ಮತ್ತು ಟ್ಯಾಬ್‌ಗೆ ಕೋಟ್ಲಿನ್, ಪರದೆ ಕಂಪೋಸ್‌ನಲ್ಲಿ. ದರ ಲೆಕ್ಕ ಬೇರೆ ಮಾಡ್ಯೂಲ್, ಸರ್ವರಿಗೂ ಅದೇ. ಸದಸ್ಯರಿಗೆ, ಆಫೀಸಿಗೆ ಸಾದಾ ವೆಬ್ ಪುಟ. ಕೀಪ್ಯಾಡಿನವರಿಗೆ ಬಟವಾಡೆ ದಿನ ಎಸ್ಸೆಮ್ಮೆಸ್. ಡಿಎಲ್‌ಟಿ ನೋಂದಣಿಗೆ ಕಾರ್ಯದರ್ಶಿಗಳ ಹತ್ತಿರ ಇವತ್ತೇ ಮಾತಾಡುತ್ತೇನೆ.

ಮೊದಲು ಪ್ರಿಂಟರ್ ತರಿಸುತ್ತೇನೆ, ಉಳಿದದ್ದೆಲ್ಲ ಆಮೇಲೆ. ಸದಸ್ಯರ ಪಟ್ಟಿಯಲ್ಲಿ ಜಾಸ್ತಿ ಒತ್ತಕ್ಷರ ಇರುವ ಹೆಸರುಗಳನ್ನು ಆರಿಸಿ ಅಚ್ಚು ಹಾಕಿ, ಆ ಚೀಟಿಯ ಫೋಟೋ ಇಲ್ಲೇ ಹಾಕುತ್ತೇನೆ. ಒತ್ತು ಸರಿ ಬಂದಿದೆಯೋ ಇಲ್ಲವೋ ನೋಡಿ ಹೇಳಿ.

ಅಕ್ಷರಪ್ರೇಮಿ

ಖಂಡಿತ ನೋಡುತ್ತೇನೆ. ನಿಜವಾದ ಸದಸ್ಯರ ಹೆಸರು ಹಾಕಬೇಡಿ, ಇಲ್ಲಿ ಯಾರು ಬೇಕಾದರೂ ನೋಡಬಹುದು. ಈ ಪದಗಳನ್ನು ಅಚ್ಚು ಹಾಕಿ: ಸ್ತ್ರೀ, ರಾಷ್ಟ್ರ, ಲಕ್ಷ್ಮೀ, ಕೃಷ್ಣಪ್ಪ, ಸೂರ್ಯ, ಜ್ಯೋತ್ಸ್ನಾ. ಇವು ಸರಿ ಬಂದರೆ ಊರಿನ ಹೆಸರುಗಳೂ ಬಹುತೇಕ ಸರಿ ಬರುತ್ತವೆ.